ಕೆಡವಿದ ಎತ್ತು: ತಯ್ಯಬ್ ಮೆಹ್ತಾ ಮತ್ತೆ ಮತ್ತೆ ಬರೆದ ನಾಲ್ಕೈದು ರೂಪಗಳು

(ಬಾಗಲಕೋಟೆಯ ನವನಗರದಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಮಾತಾಡಿದ್ದೆ. ಓದುವವರ ಕಣ್ಣ ಮುಂದೆ ಆ ಚಿತ್ರಗಳು ಇರುವುದಿಲ್ಲವಾದ್ದರಿಂದ ಅಲ್ಲಲ್ಲಿ ಒಂದೆರಡು ವಾಕ್ಯ ಹೆಚ್ಚು ಬರೆದಿದ್ದೇನೆ.)

ಎಲ್ಲರಿಗೂ ಶರಣು. ಮೊದಲ ಚಿತ್ರ ಹಾಕುವ ಮುಂಚೆ ಒಂದು ಮಾತು ಕೇಳುತ್ತೇನೆ. ಇಲ್ಲಿ ಕೂತವರಲ್ಲಿ ಎಷ್ಟು ಜನ ಚಿಕ್ಕವರಿದ್ದಾಗ ಮಣ್ಣೆತ್ತು ಮಾಡಿದ್ದೀರಿ?

(ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು.)

ನೋಡಿ, ನಮ್ಮ ಭಾಗದಲ್ಲಿ ಹುಟ್ಟಿದವರ ಮೊದಲ ಶಿಲ್ಪವೇ ಎತ್ತು. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಎರೆಮಣ್ಣು ತಂದು, ನಾದಿ, ಜೋಡೆತ್ತು ಮಾಡಿ ಮುಂದೊಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಇಡುತ್ತೇವೆ. ಮರುವರ್ಷ ಮತ್ತೆ ಅದನ್ನೇ ಮಾಡುತ್ತೇವೆ. "ಹೋದ ವರ್ಷ ಮಾಡಿದ್ದಿಯಲ್ಲ, ಈ ಸಲ ಬೇರೆ ಏನಾದರೂ ಮಾಡು" ಎಂದು ಯಾವ ತಾಯಿಯೂ ಹೇಳಿದ್ದು ನಾನು ಕೇಳಿಲ್ಲ. ಆದರೆ ಐದನೇ ವರ್ಷದ ಎತ್ತು ಮೊದಲ ವರ್ಷದ್ದಲ್ಲ. ಇಣಿ (ಹೆಗಲ ಮೇಲಿನ ಡುಬ್ಬ) ದೊಡ್ಡದಾಗಿರುತ್ತದೆ, ಕೊರಳು ಬಾಗಿರುತ್ತದೆ, ಕಾಲಿಗೆ ಬಲ ಬಂದಿರುತ್ತದೆ. ವಸ್ತು ಅದೇ ಇದೆ, ಕೈ ಬೆಳೆದಿದೆ. ನಮ್ಮ ವಿಮರ್ಶಕರು ಆಶಯ ಎಂದೋ ಮೋಟಿಫ್ ಎಂದೋ ಕರೆಯುವುದು ಇದನ್ನೇ. ಕಲಾವಿದನೊಬ್ಬ ಬಿಡಲಾರದೆ ಮತ್ತೆ ಮತ್ತೆ ಹೋಗಿ ಮುಟ್ಟುವ ರೂಪ.

ಸಂಕೇತ ಎನ್ನುವುದು ಇದಕ್ಕಿಂತ ಬೇರೆ. ಸಂಕೇತಕ್ಕೆ ನಿಘಂಟು ಇರುತ್ತದೆ. ಪಾರಿವಾಳ ಅಂದರೆ ಶಾಂತಿ, ತಕ್ಕಡಿ ಅಂದರೆ ನ್ಯಾಯ, ಮುಗಿಯಿತು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯಬಹುದು. ಚಿತ್ರದ ಎದುರು ನಿಂತು "ಇದರ ಅರ್ಥ ಏನ್ರೀ ಸರ?" ಎಂದು ನೀವು ಕೇಳುವಾಗ ಮನಸ್ಸಿನಲ್ಲಿ ಇಂಥದೊಂದು ನಿಘಂಟನ್ನು ಇಟ್ಟುಕೊಂಡಿರುತ್ತೀರಿ. ಇವತ್ತು ಒಂದು ತಾಸು ಅದನ್ನು ಪಕ್ಕಕ್ಕಿಡಿ ಎಂದು ಬೇಡಿಕೊಳ್ಳುತ್ತೇನೆ. ಒಬ್ಬ ಮನುಷ್ಯ ಐವತ್ತು ವರ್ಷ ನಾಲ್ಕೈದು ರೂಪಗಳನ್ನೇ ಯಾಕೆ ಬರೆದ ಎಂದು ಮಾತ್ರ ನೋಡೋಣ.

ಆ ಮನುಷ್ಯ ತಯ್ಯಬ್ ಮೆಹ್ತಾ. 1925ರಲ್ಲಿ ಗುಜರಾತಿನ ಕಪಡವಂಜದಲ್ಲಿ ಹುಟ್ಟಿದರು, ಬೆಳೆದದ್ದು ಮುಂಬಯಿಯಲ್ಲಿ. ಮನೆತನದವರು ಸಿನಿಮಾ ವ್ಯವಹಾರದಲ್ಲಿದ್ದರು. ಇವರೂ ಮೊದಲು ಸಿನಿಮಾ ಸಂಕಲನದ ಕೋಣೆಯಲ್ಲಿ ಕೆಲಸ ಮಾಡಿ, ಆಮೇಲೆ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿ 1952ರಲ್ಲಿ ಡಿಪ್ಲೊಮಾ ಪಡೆದರು. 2009ರಲ್ಲಿ ತೀರಿಕೊಂಡರು. ಬಹಳ ಕಡಿಮೆ ಬರೆದವರು. ಸರಿ ಕಾಣದ ಕ್ಯಾನ್ವಾಸುಗಳನ್ನು ತಾವೇ ಹರಿದು ಹಾಕುತ್ತಿದ್ದರು. ಇವರ ಹೆಸರು ನಮ್ಮ ಪತ್ರಿಕೆಗಳಲ್ಲಿ ಬರುವುದು ಹರಾಜಿನ ಸುದ್ದಿಯ ಜೊತೆಗೆ. 1956ರ ಒಂದು ಚಿತ್ರ 2025ರಲ್ಲಿ 61 ಕೋಟಿ ಮೀರಿ ಮಾರಾಟವಾಯಿತು. ಆ ಸುದ್ದಿ ಓದಿದ ಎಷ್ಟೋ ಜನ ನನಗೆ ಫೋನ್ ಮಾಡಿ ಬೆಲೆಯ ಬಗ್ಗೆ ಕೇಳಿದರು. ಚಿತ್ರದಲ್ಲಿ ಏನಿದೆ ಎಂದು ಒಬ್ಬರೂ ಕೇಳಲಿಲ್ಲ. ನನಗೆ ನಿಜಕ್ಕೂ ನೋವಾಯಿತು. ಇವತ್ತಿನ ಮಾತಿಗೆ ಆ ನೋವೂ ಒಂದು ಕಾರಣ.

ಅದರಲ್ಲಿ ಇರುವುದು ಕೆಡವಿ ಕಾಲು ಕಟ್ಟಿದ ಒಂದು ಹೋರಿ.

(ಪರದೆಯ ಮೇಲೆ 1956ರ ಕಟ್ಟಿಹಾಕಿದ ಹೋರಿ.)

ಈ ಚಿತ್ರದ ಅಚ್ಚುಪ್ರತಿಯನ್ನು ಬಹಳ ವರ್ಷಗಳ ಹಿಂದೆ ಮುಧೋಳದ ಕಡೆ ಹಳ್ಳಿಯಲ್ಲಿದ್ದ ನಮ್ಮ ಸೋದರಮಾವನಿಗೆ ತೋರಿಸಿದ್ದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಒಕ್ಕಲುತನವೇ ಜೀವನ. ಕಣ್ಣು ಕಿರಿದು ಮಾಡಿ ನೋಡಿ, "ನಾಲ ಬಡ್ಯಾಕ ಕೆಡವ್ಯಾರೇನ?" ಎಂದರು. ನಾನು ಅದುವರೆಗೆ ಓದಿದ ಯಾವ ವಿಮರ್ಶೆಯೂ ಆ ಚಿತ್ರವನ್ನು ನನಗೆ ಅಷ್ಟು ಹತ್ತಿರ ತಂದಿರಲಿಲ್ಲ.

ನಾಲ, ಅಂದರೆ ಗೊರಸಿಗೆ ಲಾಳ, ಬಡಿಯುವುದನ್ನು ನೀವೂ ನೋಡಿದ್ದೀರಿ. ಹಗ್ಗ ಸುತ್ತಿ, ಒಂದು ಪಕ್ಕಕ್ಕೆ ಜಗ್ಗಿ, ಎತ್ತನ್ನು ಧೊಪ್ಪನೆ ನೆಲಕ್ಕೆ ಹಾಕುತ್ತಾರೆ. ನಾಲ್ಕೂ ಕಾಲು ಒಂದೆಡೆ ಕೂಡಿಸಿ ಬಿಗಿಯುತ್ತಾರೆ. ಒಬ್ಬ ಕೋಡು ಹಿಡಿದು ತಲೆಯನ್ನು ನೆಲಕ್ಕೆ ಒತ್ತಿ ಕೂರುತ್ತಾನೆ. ಸೀಳು ಗೊರಸಾದ್ದರಿಂದ ಕಾಲಿಗೆ ಎರಡರಂತೆ ಎಂಟು ನಾಲ. ಅಷ್ಟು ಹೊತ್ತೂ ಅಷ್ಟು ದೊಡ್ಡ ಮೈ, ಹೊಲವನ್ನೇ ಉತ್ತು ಹಾಕುವ ಮೈ, ಒಂದು ಗಂಟಿನಂತೆ ಬಿದ್ದಿರುತ್ತದೆ. ಕಣ್ಣು ಮಾತ್ರ ಬೆಳ್ಳಗೆ ಹೊರಳುತ್ತಿರುತ್ತದೆ. ಹುಡುಗನಿದ್ದಾಗ ನನಗೆ ಆ ಕಣ್ಣು ನೋಡಲು ಆಗುತ್ತಿರಲಿಲ್ಲ. ಆಮೇಲೆ ಹಗ್ಗ ಬಿಚ್ಚಿದರೆ ಎತ್ತು ಎದ್ದು, ಮೈ ಕೊಡವಿ, ಹೊಸ ನಾಲದ ಸಪ್ಪಳ ಮಾಡುತ್ತ ಹೊರಟುಬಿಡುತ್ತದೆ.

ಮೆಹ್ತಾ ಕಂಡ ಹೋರಿ ಏಳುವುದಿಲ್ಲ. ಅವರು ಅದನ್ನು ಕಂಡದ್ದು ಬಾಂದ್ರಾದ ಕಸಾಯಿಖಾನೆಯಲ್ಲಿ. ಅಲ್ಲಿಗೆ ಹೋಗಿ ಕೂತು ಸ್ಕೆಚ್ ಮಾಡುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಹೀಗೇ ಕಾಲು ಕಟ್ಟಿದ ಹೋರಿಯ ಈಜಿಪ್ಟ್ ಉಬ್ಬುಶಿಲ್ಪವನ್ನೂ ನೋಡಿದ್ದರು. ತನ್ನ ಅಪಾರ ಶಕ್ತಿಯನ್ನು ಯಾವ ಕಡೆಗೂ ಹರಿಸಲಾರದೆ ಸಿಕ್ಕಿಬಿದ್ದ ಜನಸಮೂಹದ ಹಾಗೆ, ಈ ದೇಶದ ಸ್ಥಿತಿಯ ಹಾಗೆ ಆ ಹೋರಿ ತಮಗೆ ಕಂಡಿತು ಎಂದು ಮುಂದೆ ಹೇಳಿಕೊಂಡಿದ್ದಾರೆ.

ಅವರೇ ಹೇಳಿದ ಮೇಲೆ ಅರ್ಥ ಸಿಕ್ಕಿತಲ್ಲ ಎನ್ನಬೇಡಿ. ನಮ್ಮ ಮಾವ ತಪ್ಪು ನೋಡಿದರು ಎಂದೂ ನನಗೆ ಅನಿಸುವುದಿಲ್ಲ. ನಾಲ ಬಡಿಯುವುದಕ್ಕೂ ಕೊಯ್ಯುವುದಕ್ಕೂ ಕೆಡವುವ ರೀತಿ ಒಂದೇ, ಹಗ್ಗವೂ ಒಂದೇ. ಕೆಳಗೆ ಬಿದ್ದ ಪ್ರಾಣಿಗೆ ಯಾವುದಕ್ಕಾಗಿ ಕೆಡವಿದ್ದಾರೆ ಎಂದು ತಿಳಿಯುವುದಿಲ್ಲ. ಮೆಹ್ತಾ ಬರೆದಿರುವುದು ಆ ತಿಳಿಯದ ಗಳಿಗೆಯನ್ನು. ಚಿತ್ರದಲ್ಲಿ ಕತ್ತಿ ಇಲ್ಲ, ನೆತ್ತರಿಲ್ಲ, ಕಟುಕನಿಲ್ಲ. ಬಿಗಿದ ಮೈ ಮಾತ್ರ ಇದೆ. ಇನ್ನೂ ಏನೂ ತೀರ್ಮಾನವಾಗಿಲ್ಲ. ಇನ್ನು ಮುಂದೆ ನಾನು ತೋರಿಸುವ ಚಿತ್ರಗಳಲ್ಲೂ ಈ ತೀರ್ಮಾನವಾಗದ ಗಳಿಗೆಯನ್ನೇ ಹುಡುಕಿ ನೋಡಿ.

ಅದು ಎಲ್ಲಿಂದ ಬಂತು? 1947. ಅವರಿಗೆ 22 ವರ್ಷ. ಮನೆ ಮುಂಬಯಿಯ ಮೊಹಮ್ಮದ್ ಅಲಿ ರಸ್ತೆಯಲ್ಲಿ. ದಂಗೆಯ ದಿನಗಳಲ್ಲಿ ಮನೆಯ ಕಿಟಕಿಯಿಂದ ಕೆಳಗೆ ನೋಡುತ್ತಿದ್ದಾಗ, ಗುಂಪೊಂದು ಒಬ್ಬ ಯುವಕನನ್ನು ಬೀದಿಯಲ್ಲೇ ಕಲ್ಲಿನಿಂದ ಜಜ್ಜಿ ಕೊಂದುಹಾಕಿತು. ಅವರಿಗೆ ಜ್ವರ ಬಂದು ದಿನಗಟ್ಟಲೆ ಹಾಸಿಗೆ ಹಿಡಿದರು. ಆ ದೃಶ್ಯ ತಮ್ಮನ್ನು ಕೊನೆಯವರೆಗೂ ಬಿಡಲಿಲ್ಲ ಎಂದು ಹೇಳುತ್ತಿದ್ದರು. ಆದರೆ ಅವರ ಚಿತ್ರಗಳಲ್ಲಿ ಎಲ್ಲಿ ಹುಡುಕಿದರೂ ಆ ಬೀದಿ, ಆ ಗುಂಪು, ಆ ಕಲ್ಲು ಸಿಗುವುದಿಲ್ಲ. ಬೇರೆಯವರಾಗಿದ್ದರೆ ದಂಗೆಯ ಚಿತ್ರವನ್ನೇ ಬರೆಯುತ್ತಿದ್ದರು. ಇವರು ಹೋರಿ ಬರೆದರು. ಆಮೇಲೆ ಬೀಳುವ ಮನುಷ್ಯನನ್ನು ಬರೆದರು.

(ಪರದೆಯ ಮೇಲೆ ಬೀಳುವ ಆಕೃತಿ.)

1965ರ ಸುಮಾರಿಗೆ ಈ ರೂಪ ಬಂತು. ತಲೆ ಕೆಳಗಾಗಿ, ಕೈಕಾಲು ಒಂದರಲ್ಲೊಂದು ತೊಡಕಿಕೊಂಡು, ಬಾಯಿ ತೆರೆದು ಬೀಳುತ್ತಿರುವ ದೇಹ. 1968ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ತ್ರೈವಾರ್ಷಿಕ ಕಲಾ ಪ್ರದರ್ಶನದಲ್ಲಿ ಇದಕ್ಕೆ ಚಿನ್ನದ ಪದಕ ಸಿಕ್ಕಿತು. ಮುಂದೆ ದಶಕಗಳ ಕಾಲ ಆ ಮನುಷ್ಯ ಬೀಳುತ್ತಲೇ ಇದ್ದಾನೆ. ಕಡೆಗಡೆಗೆ ಅವನ ಜೊತೆ ಹಕ್ಕಿಯೂ ಬೀಳುತ್ತದೆ. ಹಾರಬೇಕಾದದ್ದೇ ಬೀಳುವುದು! ನೀವು ಗಮನಿಸಬೇಕಾದದ್ದು, ಇವರ ಚಿತ್ರದಲ್ಲಿ ನೆಲವೇ ಇಲ್ಲ. ನೆಲ ಬರೆದಿದ್ದರೆ ಬಿದ್ದದ್ದು ಮುಗಿದುಹೋಗುತ್ತಿತ್ತು. ನೆಲ ಇಲ್ಲದ್ದರಿಂದ ಆ ಮನುಷ್ಯ ಹೊರಟ ಕಡೆಯನ್ನೂ ಬಿಟ್ಟಿದ್ದಾನೆ, ಸೇರುವ ಕಡೆಯನ್ನೂ ಮುಟ್ಟಿಲ್ಲ.

ಈಗ ಗೆರೆಯ ಮಾತು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬಾಗಲಕೋಟೆಯ ಜನಕ್ಕೆ ಗೆರೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ.

1968ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಸಿಕ್ಕಿ ಮೆಹ್ತಾ ನ್ಯೂಯಾರ್ಕಿಗೆ ಹೋದರು. ಅಲ್ಲಿ ಅಮೆರಿಕದ ಚಿತ್ರಕಾರ ಬಾರ್ನೆಟ್ ನ್ಯೂಮನ್ನನ ಚಿತ್ರಗಳ ಎದುರು ನಿಂತರು. ದೊಡ್ಡ ಗೋಡೆಯಂಥ ಒಂದೇ ಬಣ್ಣ, ಅದನ್ನು ಸೀಳಿದ ಒಂದು ಪಟ್ಟಿ, ಅಷ್ಟೇ. ಅಚ್ಚಿನಲ್ಲಿ ನೋಡಿದಾಗ ಇಂಥದರಲ್ಲಿ ಏನೂ ಇಲ್ಲ ಎಂದುಕೊಳ್ಳಬಹುದಾಗಿತ್ತು, ಮೂಲವನ್ನು ಕಂಡಾಗ ಕಣ್ಣು ತೆರೆಯಿತು ಎಂಬರ್ಥದ ಮಾತನ್ನು ಅವರು ಆಡಿದ್ದಾರೆ. ವಿದ್ಯಾರ್ಥಿಗಳೇ, ಮೊಬೈಲಿನಲ್ಲಿ ಚಿತ್ರ ನೋಡಿ ತೀರ್ಪು ಕೊಡುವಾಗ ಇದನ್ನು ನೆನಪಿಡಿ. ಸಾಲ ಮಾಡಿಯಾದರೂ ಒಮ್ಮೆ ಮುಂಬಯಿಗೋ ದೆಹಲಿಗೋ ಹೋಗಿ ಮೂಲ ಚಿತ್ರದ ಎದುರು ನಿಲ್ಲಿ.

ಅದುವರೆಗೆ ಮೆಹ್ತಾ ಬಣ್ಣವನ್ನು ದಪ್ಪಗೆ ಮೆತ್ತುತ್ತಿದ್ದರು. ತಿರುಗಿ ಬಂದ ಮೇಲೆ ಬಣ್ಣ ತೆಳುವಾಗಿ, ಸಪಾಟಾಗಿ ಹರಡಿತು, ಕುಂಚದ ಗುರುತೇ ಇಲ್ಲದ ಹಾಗೆ. ಆದರೆ ಆ ಸಪಾಟು ಬಣ್ಣದಲ್ಲಿ ಆಕೃತಿಯನ್ನು ಎಲ್ಲಿ ನಿಲ್ಲಿಸುವುದು? 1969ರಲ್ಲಿ ಒಂದು ದಿನ ಚಿತ್ರ ಕೈಗೆ ಹತ್ತದೆ ಚಡಪಡಿಸುತ್ತ, ತಡೆಯಲಾರದೆ ಕ್ಯಾನ್ವಾಸಿನ ಮೇಲೆ ಓರೆಯಾಗಿ ಒಂದು ಕಪ್ಪು ಗೆರೆ ಬೀಸಿದರು. ಮಿಂಚು ಹೊಡೆದ ಹಾಗೆ. ಆ ಗೆರೆಯೇ ದಾರಿಯಾಯಿತು. ಮುಂದಿನ ಹಲವು ವರ್ಷ ಅವರ ಎಲ್ಲ ಚಿತ್ರಗಳಲ್ಲೂ ಆ ಓರೆ ಗೆರೆ ಇದೆ. ಮನುಷ್ಯನ ಮೈ ಗೆರೆಯ ಈಚೆ ಅರ್ಧ, ಆಚೆ ಅರ್ಧ. ಒಂದು ಕೈ ಇಲ್ಲಿ, ಅದರ ಹೆಗಲು ಅಲ್ಲಿ.

ಹೆಚ್ಚಿನವರು ಇದನ್ನು ದೇಶವಿಭಜನೆಯ ಗೆರೆ ಎಂದು ಓದುತ್ತಾರೆ. ತಪ್ಪಲ್ಲ. ನಕಾಶೆಯ ಮೇಲೆ ಎಳೆದ ಗೆರೆ ಮನೆಯ ನಡುಮನೆಯಲ್ಲಿ ಹಾದುಹೋಗುವುದು ಹೇಗಿರುತ್ತದೆ ಎಂದು ನಾವೂ ಬಲ್ಲೆವು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು 519.60 ಮೀಟರ್‌ವರೆಗೆ ನಿಲ್ಲುತ್ತದೆ ಎಂಬ ಒಂದು ಅಂಕಿ ಹಳೇ ಬಾಗಲಕೋಟೆಯ ಓಣಿಗಳನ್ನು ಎರಡು ಮಾಡಿತು. ಆ ಅಂಕಿ ಕಣ್ಣಿಗೆ ಕಾಣುವ ವಸ್ತುವಲ್ಲ. ಆದರೂ ಅದರ ಕೆಳಗಿನ ಮನೆಗಳು ಹೋದವು, ಗುಡಿ ಮಸೀದಿಗಳು ಹೋದವು. ಅದರ ಮೇಲಿನವರು ಉಳಿದರು, ಆದರೆ ನೆರೆಹೊರೆ ಇಲ್ಲದವರಾಗಿ ಉಳಿದರು. ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಈ ನವನಗರದ ಸೆಕ್ಟರ್ ಸೆಕ್ಟರ್‌ಗಳಲ್ಲಿ ಕೂತಿರುವ ನಮಗೆಲ್ಲ ಮುಳುಗಡೆ ಎನ್ನುವ ಒಂದು ಶಬ್ದ ಸಾಕು. ಮೆಹ್ತಾ ಚಿತ್ರದಲ್ಲಿ ಗೆರೆಯ ಎರಡೂ ಬದಿಗೆ ಹಂಚಿಹೋದ ಮೈಯನ್ನು ನೋಡಿದಾಗ ನನಗೆ ನೆನಪಾಗುವುದು ನಮ್ಮ ಹಳೇ ಓಣಿ.

ಆದರೆ ಇಷ್ಟೇ ಹೇಳಿದರೆ ಆ ಗೆರೆಗೆ ಅನ್ಯಾಯ ಮಾಡಿದ ಹಾಗೆ. ಇಳಕಲ್ಲಿನ ಮಗ್ಗದ ಮುಂದೆ ಕೂತವರು ಈ ಸಭೆಯಲ್ಲಿ ಇದ್ದೀರಿ. ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತೀರಿ. ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಆ ಜಾಗವನ್ನು ದೂರದಿಂದ ನೋಡಿದರೆ ಕತ್ತರಿಸಿದ ಹಾಗೆ ಕಾಣುತ್ತದೆ. ಬೆರಳಾಡಿಸಿ ನೋಡಿದರೆ ಸೀರೆಯಲ್ಲಿ ಅತ್ಯಂತ ಶ್ರಮದಿಂದ ಜೋಡಿಸಿದ ಜಾಗವೇ ಅದು. ಮೆಹ್ತಾರ ಓರೆ ಗೆರೆಯ ಎಡಬಲಗಳಲ್ಲಿ ಎರಡು ಸಪಾಟು ಬಣ್ಣಗಳು ಸಂಧಿಸುವುದನ್ನು ನೋಡುವಾಗ ನನಗೆ ಕೊಂಡಿಯೇ ಕಾಣುತ್ತದೆ. ಗೆರೆ ಮೈಯನ್ನು ಸೀಳಿದೆ, ನಿಜ. ಆದರೆ ಗೆರೆಯನ್ನು ತೆಗೆದುಬಿಡಿ, ಚಿತ್ರವೇ ಉದುರಿಹೋಗುತ್ತದೆ. ಸೀಳಿದ್ದೂ ಅದೇ, ಹಿಡಿದುಕೊಂಡದ್ದೂ ಅದೇ. ಅವರಿಗೆ ಈ ಗೆರೆ ಮೊದಲು ಕ್ಯಾನ್ವಾಸನ್ನು ಭಾಗ ಮಾಡುವ ಒಂದು ಉಪಾಯವಾಗಿ ಸಿಕ್ಕಿತು, ದುಃಖದ ಸಂಕೇತವಾಗಿ ಅಲ್ಲ. ಕಲೆಗಾರನ ಕಷ್ಟ ಮೊದಲು ಕೈಯ ಕಷ್ಟ. ಅರ್ಥ ಹಿಂದಿನಿಂದ ಬಂದು ಕೂಡುತ್ತದೆ.

ಕೂಡುವುದು ಎಂದೆ. 1970ರಲ್ಲಿ ಅವರು ಹದಿನಾರು ನಿಮಿಷಗಳ ಒಂದು ಕಿರುಚಿತ್ರ ಮಾಡಿದರು. ಬಾಂದ್ರಾದ ಕಸಾಯಿಖಾನೆಯ ಹೋರಿ ಅದರಲ್ಲೂ ಇದೆ, ಊರಿನ ಜನಸಂದಣಿ ಇದೆ. ಅದಕ್ಕೆ ಅವರು ಇಟ್ಟ ಹೆಸರು ತಮಿಳಿನ ಶಬ್ದ, ಕೂಡಲ್. ಇಲ್ಲಿಂದ ಕೃಷ್ಣೆ ಮಲಪ್ರಭೆಯರ ಕೂಡಲಸಂಗಮ ಎಷ್ಟು ದೂರ? ನಮ್ಮ ನೆರೆಯ ಭಾಷೆಯಿಂದ ಆ ಹೆಸರನ್ನು ಆರಿಸಿಕೊಂಡ ಅವರಿಗೆ ನಮ್ಮ ಸಂಗಮದ ನೆನಪು ಇತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಕೊಲ್ಲುವ ಜಾಗದ ಚಿತ್ರಕ್ಕೆ ಕೂಡುವ ಹೆಸರಿಟ್ಟ ಮನಸ್ಸನ್ನು ಅರಿಯಲು ಕನ್ನಡಿಗರಾದ ನಮಗೆ ಅನುವಾದ ಬೇಡ.

ರಿಕ್ಷಾದ ಮಾತನ್ನು ಬೇಗ ಮುಗಿಸುತ್ತೇನೆ. ಚಿಕ್ಕಂದಿನಲ್ಲಿ ನೆಂಟರ ಮನೆಗೆಂದು ಕಲ್ಕತ್ತೆಗೆ ಹೋಗುತ್ತಿದ್ದಾಗ ಕಂಡ, ಮನುಷ್ಯ ಎಳೆಯುವ ರಿಕ್ಷಾ ಅದು. ಇವರ ಚಿತ್ರದಲ್ಲಿ ಅದರ ಹಿಡಿಕೆ ಯಾವುದು, ಎಳೆಯುವವನ ತೋಳು ಯಾವುದು ಎಂದು ಬಿಡಿಸಲಾಗುವುದಿಲ್ಲ. ಗಾಡಿ ಹೂಡಿ ಬಲ್ಲ ನಮಗೆ ಇದರಲ್ಲಿ ಹೊಸತೇನಿಲ್ಲ. ನೊಗಕ್ಕೆ ಎತ್ತಿನ ಬದಲು ಮನುಷ್ಯ ಕೊರಳು ಕೊಟ್ಟಿದ್ದಾನೆ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. 1984-85ರಲ್ಲಿ ಮೆಹ್ತಾ ಶಾಂತಿನಿಕೇತನದಲ್ಲಿ ಅತಿಥಿ ಕಲಾವಿದರಾಗಿ ಇದ್ದರು. ಅಲ್ಲಿ ಸಂತಾಲ ಬುಡಕಟ್ಟಿನವರ ಚರಕ್ ಹಬ್ಬ ನೋಡಿದರು. ಚರಕ್ ಎಂದರೆ ನಮ್ಮ ಹಿರಿಯರು ಹೇಳುತ್ತಿದ್ದ, ಬೆನ್ನಿಗೆ ಕೊಕ್ಕೆ ಸಿಕ್ಕಿಸಿಕೊಂಡು ಕಂಬದಿಂದ ತೂಗುವ ಸಿಡಿ ಆಟದ ಬಳಗದ್ದೇ. ನೋವು ಹರಕೆಯಾಗುವ, ಹರಕೆ ಕುಣಿತವಾಗುವ ಹಬ್ಬ. ಆಮೇಲೆ ಮೂರು ಫಲಕಗಳ ದೊಡ್ಡ ಚಿತ್ರಗಳು ಬಂದವು. ಕಾಳಿ ಬಂದಳು. 1990ರ ದಶಕದಲ್ಲಿ ಮಹಿಷಾಸುರ ಬಂದ.

(ಪರದೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಬಾದಾಮಿಯ ಒಂದನೇ ಗುಹೆಯ ಮಹಿಷಮರ್ದಿನಿ, ಬಲಕ್ಕೆ 1997ರ ಮಹಿಷಾಸುರ.)

ಬಾದಾಮಿಯ ಈ ಶಿಲ್ಪವನ್ನು ನೀವು ಎಷ್ಟು ಸಲ ನೋಡಿದ್ದೀರೋ. ಹದಿನೆಂಟು ಕೈಯ ನಟರಾಜನನ್ನು ನೋಡುವ ಅವಸರದಲ್ಲಿ ಜನ ಇವಳನ್ನು ದಾಟಿ ಹೋಗುತ್ತಾರೆ. 6ನೇ ಶತಮಾನದ ಕೆಲಸ. ದೇವಿ ಕೋಣದ ಬಾಲ ಹಿಡಿದು ಮೇಲೆತ್ತಿದ್ದಾಳೆ, ತ್ರಿಶೂಲ ಅದರ ಕೊರಳಲ್ಲಿದೆ. ಐಹೊಳೆಯ ದುರ್ಗದ ಗುಡಿಗೆ ಹೋದರೆ ಎಂಟು ಕೈಯ ದೇವಿ ಇದ್ದಾಳೆ. ಅಲ್ಲಿಯೂ ಕೋಣ ಪೂರಾ ಕೋಣವೇ, ಅದರಲ್ಲಿ ಮನುಷ್ಯನ ಅಂಶ ಇಲ್ಲ. ಮಹಾಬಲಿಪುರದ ಪಲ್ಲವ ಶಿಲ್ಪಿ ಮಹಿಷನಿಗೆ ಮನುಷ್ಯನ ಮೈ ಕೊಟ್ಟು ತಲೆ ಮಾತ್ರ ಕೋಣದ್ದು ಮಾಡಿದ, ಅವನಿಗೆ ವೀರನ ನಿಲುವು ಕೊಟ್ಟ. ನಮ್ಮ ಚಾಲುಕ್ಯ ಶಿಲ್ಪಿಗಳು ಕೋಣವನ್ನು ಕೋಣವಾಗಿಯೇ ಬಿಟ್ಟರು. ನನಗೆ ನಮ್ಮವರದೇ ಹೆಚ್ಚು ಕಲಕುತ್ತದೆ. ಬಾಲ ಹಿಡಿಸಿಕೊಂಡು ಹಿಂಗಾಲು ಮೇಲಾದ ಆ ಪ್ರಾಣಿಯನ್ನು ಅಸುರ ಎಂದು ದ್ವೇಷಿಸಲು ನನ್ನಿಂದ ಆಗುವುದಿಲ್ಲ. ತಲೆ ಕೆಳಗಾಗಿ ಬೀಳುವ ಮೆಹ್ತಾರ ಮನುಷ್ಯನನ್ನು ಈ ಕೋಣದ ಪಕ್ಕದಲ್ಲಿ ಇಟ್ಟು ನೋಡಿ.

ಈಗ ಬಲಗಡೆಯ ಚಿತ್ರ. ಕೊಲ್ಲುವ ದೇವಿಯೂ ಸಾಯುವ ಮಹಿಷನೂ ಒಬ್ಬರೊಳಗೊಬ್ಬರು ಹೆಣೆದುಕೊಂಡಿದ್ದಾರೆ. ಈ ತೋಳು ಅವಳದೋ ಅವನದೋ? ತೊಡೆಯ ಮೇಲಿನ ಕೈ ತಳ್ಳುತ್ತಿದೆಯೋ ತಬ್ಬುತ್ತಿದೆಯೋ? ನಾನು ಈ ಚಿತ್ರವನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಒಂದು ದಿನ ವಧೆ ಕಾಣುತ್ತದೆ, ಇನ್ನೊಂದು ದಿನ ಅಪ್ಪುಗೆ. 22ನೇ ವಯಸ್ಸಿನಲ್ಲಿ ಕಿಟಕಿಯಿಂದ ಕೊಲೆ ಕಂಡವರು 72ನೇ ವಯಸ್ಸಿನಲ್ಲಿ ಕೊಲ್ಲುವ ಕೈಯನ್ನೂ ಸಾಯುವ ಮೈಯನ್ನೂ ಹೀಗೆ ಹತ್ತಿರ ತಂದಿದ್ದಾರೆ. ಇಬ್ಬರನ್ನು ಹಿಡಿದಿಟ್ಟಿರುವುದು ಹಳೆಯ ಅದೇ ಓರೆತನ. ಗೆರೆ ಬೇರೆಯಾಗಿ ಕಾಣುವುದಿಲ್ಲ, ಮೈಗಳೇ ಗೆರೆಯಾಗಿ ಬಾಗಿವೆ. ಒಬ್ಬ ಮುಸ್ಲಿಂ ಕಲಾವಿದ ದೇವಿಯನ್ನು ಯಾಕೆ ಬರೆದ ಎಂದು ಕೆಲವರು ಕೇಳುವುದುಂಟು. ಯಾವ ಶ್ರದ್ಧೆಯಿಂದ ಬರೆದಿದ್ದಾರೆ ಎಂಬುದು ಆ ಬಣ್ಣದಲ್ಲೇ ಇದೆ, ಕಣ್ಣಿದ್ದವರು ನೋಡಲಿ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದ್ದೆ. ಪ್ರಶ್ನೆಗಳ ಹೊತ್ತಿನಲ್ಲಿ, ಬಣ್ಣ ತಯಾರಿಸುವ ಬಗೆ, ಅಳತೆ, ಕ್ಯಾನ್ವಾಸಿನ ಜಾತಿ ಹೀಗೆ ನಾಲ್ಕಾರು ಬಂದವು. ಕಡೆಯ ಸಾಲಿನಲ್ಲಿ ಕೂತ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ, ಅವರು ಆ ಎತ್ತಿನ ಹಗ್ಗ ಯಾವತ್ತಾದರೂ ಬಿಚ್ಚಿದ್ರೇನ್ರೀ?"

ತಟ್ಟನೆ ಉತ್ತರ ಹೊಳೆಯಲಿಲ್ಲ. ಮಹಿಷಾಸುರನ ಚಿತ್ರ ಇನ್ನೂ ಪರದೆಯ ಮೇಲೆಯೇ ಇತ್ತು. ಅದರಲ್ಲಿ ಹಗ್ಗವಿಲ್ಲ. ಕೈಕಾಲುಗಳೆಲ್ಲ ಬಿಡುಬೀಸಾಗಿ ಚಾಚಿಕೊಂಡಿವೆ. ಬಿಚ್ಚಿದರು ಎಂದು ಹೇಳಿಬಿಡಬೇಕು ಅನಿಸಿತು, ಬಾಯಿಯವರೆಗೂ ಬಂದಿತ್ತು. ಆದರೆ ಅದು ನಿಜವಲ್ಲ. ತೋರಿಸದೆ ಉಳಿಸಿಕೊಂಡಿದ್ದ ಇನ್ನೊಂದು ಚಿತ್ರವನ್ನು ಹಾಕಿದೆ. 1999ರದು. ಬಣ್ಣ ಸಪಾಟು, ಗೆರೆ ಹರಿತ, ಕೈ ಎಷ್ಟೋ ಪಳಗಿದೆ. ಕಲ್ಕತ್ತೆಯ ರಿಕ್ಷಾ ಇದೆ. ಅದರ ಮೇಲೆ, ಕಾಲು ಕೂಡಿಸಿಕೊಂಡು, ಅದೇ ಹೋರಿ.

ಅವಳು ಕೂರದೆ ಬಹಳ ಹೊತ್ತು ಆ ಚಿತ್ರವನ್ನೇ ನೋಡುತ್ತಿದ್ದಳು. ನಾನೂ ಪರದೆ ಆರಿಸಲಿಲ್ಲ.